ಓದುಗರ ಪ್ರಶ್ನೆ: ನಾಲ್ಕನೇ ಆಯಾಮ ಅಂದರೆ ಕಾಲ ತಾನೇ? ಅದನ್ನು ಬರೆದು ತೋರಿಸೋದು ಹೇಗೆ?

ಪ್ರಶ್ನೆ: ಉದ್ದ, ಅಗಲ, ಎತ್ತರ ಮೂರು ಆಯಾಮ, ನಾಲ್ಕನೆಯದು ಕಾಲ ಎಂದು ಎಲ್ಲ ಕಡೆ ಓದಿದ್ದೇನೆ. ಹಾಗಿದ್ದರೆ ಘನದೊಳಗೆ ಇನ್ನೊಂದು ಘನ ಬರೆದು ‘ಇದು ನಾಲ್ಕು ಆಯಾಮದ ಆಕೃತಿ’ ಅನ್ನುತ್ತಾರಲ್ಲ, ಅದರಲ್ಲಿ ಕಾಲ ಎಲ್ಲಿದೆ? ಅದನ್ನು ಮನಸ್ಸಿನಲ್ಲಿ ಕಾಣುವುದು ಸಾಧ್ಯವೇ?

ಉತ್ತರ: ಆ ಚಿತ್ರದಲ್ಲಿ ಕಾಲ ಇಲ್ಲ. ಎಲ್ಲೂ ಇಲ್ಲ. ಪಿಯುಸಿ ಮಕ್ಕಳು ಇದನ್ನೇ ಕೇಳುತ್ತಾರೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೋಡ್ ಬರೆಯುವವರೂ ಇದನ್ನೇ ಕೇಳುತ್ತಾರೆ. ನೆಹರು ತಾರಾಲಯಕ್ಕೆ ಹೋಗಿ ಬಂದ ಅಪ್ಪ ಮಗಳು ಇಬ್ಬರೂ ಸೇರಿ ಕೇಳುವುದೂ ಇದನ್ನೇ. ಎಷ್ಟು ಸಲ ಹೇಳಿದರೂ ‘ನಾಲ್ಕನೆಯದು ಕಾಲ’ ಎಂಬ ವಾಕ್ಯ ಮತ್ತೆ ಎದ್ದು ಕೂರುತ್ತದೆ. ಅದಕ್ಕೇ ಈ ಸಲ ಬುಡದಿಂದ ಬಿಡಿಸುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಕಾಲದ ಪರವಾದ ವಾದ ಎಲ್ಲರಿಗೂ ಗೊತ್ತು. ಮೆಜೆಸ್ಟಿಕ್‌ನಲ್ಲಿ ಯಾರನ್ನಾದರೂ ಭೇಟಿಯಾಗಬೇಕಾದರೆ ಅಕ್ಷಾಂಶ, ರೇಖಾಂಶ, ಯಾವ ಮಹಡಿ ಎಂಬ ಮೂರು ಸಂಖ್ಯೆ ಸಾಲದು, ಎಷ್ಟು ಗಂಟೆಗೆ ಎಂಬುದೂ ಬೇಕು. ನಾಲ್ಕು ಸಂಖ್ಯೆ ಬೇಕಾದ್ದರಿಂದ ನಾಲ್ಕನೇ ಆಯಾಮ ಕಾಲ. ಇದರ ಮೊದಲರ್ಧ ಸರಿಯಾಗಿದೆ: ಒಂದು ಘಟನೆಯನ್ನು ಗುರುತಿಸಲು ನಾಲ್ಕು ಸಂಖ್ಯೆ ಬೇಕೇ ಬೇಕು. ಎರಡನೆಯರ್ಧ ಅದರಿಂದ ಹುಟ್ಟುವುದಿಲ್ಲ. ಅದೇ ಜಾಗದ ಉಷ್ಣಾಂಶವನ್ನೂ ಬರೆದುಕೊಂಡರೆ ಐದು ಸಂಖ್ಯೆಗಳಾದವು. ಹಾಗಂತ ಐದನೇ ಆಯಾಮ ಎಂದರೆ ಉಷ್ಣಾಂಶ ಎಂದು ಯಾರೂ ಹೇಳುವುದಿಲ್ಲ. ಈ ಊರಿನಲ್ಲಿ ಮಷೀನ್ ಲರ್ನಿಂಗ್ ಕೆಲಸ ಮಾಡುವವರು ದಿನವೂ ನೂರಾರು ಆಯಾಮಗಳ ಪಟ್ಟಿಗಳನ್ನು ಬಳಸುತ್ತಾರೆ, ಅದರಲ್ಲಿ ನಾಲ್ಕನೇ ಕಲಮು ಕಾಲವೇ ಆಗಿರಬೇಕೆಂಬ ನಿಯಮವಿಲ್ಲ. ಆಯಾಮಗಳಿಗೆ ಸರದಿ ಇಲ್ಲ. ನೀವು ಕೂತಿರುವ ಕೋಣೆಯಲ್ಲಿ ಮೊದಲನೇ ಆಯಾಮ ಯಾವುದು, ಉದ್ದವೋ ಎತ್ತರವೋ? ಈ ಪ್ರಶ್ನೆಗೆ ಹೇಗೆ ಅರ್ಥವಿಲ್ಲವೋ ‘ನಾಲ್ಕನೆಯದು ಯಾವುದು’ ಎಂಬುದಕ್ಕೂ ಹಾಗೆಯೇ ಇಲ್ಲ. ಒಂದಕ್ಕೊಂದು ಲಂಬವಾದ ನಾಲ್ಕು ದಿಕ್ಕುಗಳಿವೆ ಎಂದಷ್ಟೇ ‘ನಾಲ್ಕು ಆಯಾಮ’ ಎಂಬ ಮಾತು ಹೇಳುತ್ತದೆ.

ಇತಿಹಾಸವೂ ಕಾಲದ ವಾದಕ್ಕೆ ಒದಗುವುದಿಲ್ಲ. ಕಾಲವನ್ನು ನಾಲ್ಕನೆಯದಾಗಿ ಎಣಿಸಬಹುದೆಂಬ ಮಾತು 1754ರಲ್ಲೇ ಫ್ರಾನ್ಸಿನ ಗಣಿತಜ್ಞ ದಲಾಂಬೇರ್ ಬರಹದಲ್ಲಿ ಬಂದಿತ್ತು. ಅದಕ್ಕೆ ಗಟ್ಟಿ ಗಣಿತ ಸಿಕ್ಕಿದ್ದು 1908ರಲ್ಲಿ, ಜರ್ಮನಿಯ ಕಲೋನ್ ನಗರದಲ್ಲಿ ಗಣಿತಜ್ಞ ಮಿಂಕೋವ್‌ಸ್ಕಿ ಮಾಡಿದ ಉಪನ್ಯಾಸದಲ್ಲಿ. ಆದರೆ ಜರ್ಮನಿಯವರೇ ಆದ ಗ್ರಾಸ್‌ಮನ್ ಎಷ್ಟು ಆಯಾಮಕ್ಕೂ ಹೊಂದುವ ಬೀಜಗಣಿತ ಪ್ರಕಟಿಸಿದ್ದು 1844ರಲ್ಲಿ. ಸ್ವಿಟ್ಜರ್ಲೆಂಡಿನ ಷ್ಲೇಫ್ಲಿ ನಾಲ್ಕು ಆಯಾಮದ ಎಲ್ಲ ಕ್ರಮಬದ್ಧ (ಅಂಚು, ಮುಖ, ಮೂಲೆಗಳೆಲ್ಲ ಒಂದೇ ರೀತಿ ಇರುವ) ಆಕೃತಿಗಳನ್ನೂ 1852ರ ಹೊತ್ತಿಗೆ ಎಣಿಸಿ ಮುಗಿಸಿದ್ದರು. ಐನ್‌ಸ್ಟೈನ್ ಹುಟ್ಟಿದ್ದು 1879ರಲ್ಲಿ. ಷ್ಲೇಫ್ಲಿಯ ಲೆಕ್ಕದಲ್ಲಿ ಗಡಿಯಾರಕ್ಕೆ ಕೆಲಸವೇ ಇರಲಿಲ್ಲ.

‘ಆದರೂ ಸಾಪೇಕ್ಷತಾ ಸಿದ್ಧಾಂತದಲ್ಲಿ ಕಾಲ ನಾಲ್ಕನೆಯದೇ ಅಲ್ಲವೇ’ ಎಂಬ ಪಟ್ಟು ಉಳಿಯುತ್ತದೆ. ಅಲ್ಲಿ ಕಾಲ ನಾಲ್ಕರಲ್ಲಿ ಒಂದು ನಿಜ. ಆದರೆ ಉಳಿದ ಮೂರರ ಜಾತಿಯದಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಕಲಿತ ದೂರದ ಸೂತ್ರ ತೆಗೆಯಿರಿ: ಎರಡು ದಿಕ್ಕಿನ ವ್ಯತ್ಯಾಸಗಳನ್ನು ವರ್ಗ ಮಾಡಿ ಕೂಡಿಸಿ, ವರ್ಗಮೂಲ ತೆಗೆಯುತ್ತೀರಿ. ಪ್ರಥಮ ಪಿಯುಸಿಗೆ ಬಂದರೆ ಮೂರನೇ ವರ್ಗವನ್ನೂ ಕೂಡಿಸುತ್ತೀರಿ. ನಾಲ್ಕು ಆಯಾಮದ ಜ್ಯಾಮಿತಿಯಲ್ಲಿ ನಾಲ್ಕನೆಯದನ್ನೂ ಕೂಡಿಸುತ್ತೀರಿ, ಅಷ್ಟೇ. ಮಿಂಕೋವ್‌ಸ್ಕಿಯ ದೇಶ-ಕಾಲದಲ್ಲಿ ಮಾತ್ರ ಕಾಲದ ವರ್ಗವನ್ನು ಕಳೆಯಬೇಕು. ಈ ಒಂದು ಕಳೆಯುವ ಚಿಹ್ನೆ ಇಡೀ ಜ್ಯಾಮಿತಿಯನ್ನೇ ಬದಲಿಸುತ್ತದೆ.

ಎಷ್ಟು ಬದಲಿಸುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಿ. ಸೂರ್ಯನಿಂದ ನಮಗೆ ಸುಮಾರು 15 ಕೋಟಿ ಕಿಲೋಮೀಟರ್. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್, ಹಾಗಾಗಿ ಬಂದು ಮುಟ್ಟಲು ಸುಮಾರು 500 ಸೆಕೆಂಡು. ಕಾಲವನ್ನು ಕಿಲೋಮೀಟರಿಗೆ ತರಲು ಬೆಳಕಿನ ವೇಗದಿಂದ ಗುಣಿಸುತ್ತಾರೆ: 500 × 3 ಲಕ್ಷ = 15 ಕೋಟಿ. ಈಗ 15 ಕೋಟಿಯ ವರ್ಗದಿಂದ 15 ಕೋಟಿಯ ವರ್ಗ ಕಳೆಯಿರಿ. ಸೊನ್ನೆ! ಬೆಳಕು ಸೂರ್ಯನನ್ನು ಬಿಟ್ಟ ಘಟನೆಗೂ ನಿಮ್ಮ ಕಣ್ಣು ಸೇರಿದ ಘಟನೆಗೂ ನಡುವಿನ ‘ಅಂತರ’ ಸೊನ್ನೆ. ನಾಲ್ಕು ದಿಕ್ಕೂ ಸಮಾನವಾದ ಜ್ಯಾಮಿತಿಯಲ್ಲಿ ಅಂತರ ಸೊನ್ನೆಯಾದರೆ ಎರಡೂ ಒಂದೇ ಬಿಂದು ಎಂದರ್ಥ. ಇಲ್ಲಿ ಹಾಗಲ್ಲ.

ಇನ್ನೊಂದು ಪರೀಕ್ಷೆ ತಿರುಗಿಸುವುದು. ಮೇಜಿನ ಮೇಲೆ ಪೂರ್ವ-ಪಶ್ಚಿಮವಾಗಿರುವ ಸ್ಕೇಲನ್ನು 90 ಡಿಗ್ರಿ ತಿರುಗಿಸಿದರೆ ಉತ್ತರ-ದಕ್ಷಿಣವಾಗುತ್ತದೆ, ಎತ್ತಿ ನಿಲ್ಲಿಸಿದರೆ ಪೂರ್ತಿ ಎತ್ತರವಾಗುತ್ತದೆ. ನಾಲ್ಕು ಆಯಾಮದ ಜ್ಯಾಮಿತಿಯಲ್ಲಿ ಅದನ್ನು ನಾಲ್ಕನೇ ದಿಕ್ಕಿಗೂ ಹೀಗೆಯೇ ಪೂರ್ತಿ ತಿರುಗಿಸಬಹುದು. ಆದರೆ ದೇಶ-ಕಾಲದಲ್ಲಿ ಕಾಲದ ಕಡೆಗೆ ತಿರುಗಿಸುವುದೆಂದರೆ ವೇಗ ಕೊಡುವುದು. 30 ಸೆಂ.ಮೀ ಸ್ಕೇಲನ್ನು ಎಷ್ಟು ವೇಗವಾಗಿ ಎಸೆದರೂ ಅದರ ಉದ್ದ ಪೂರ್ತಿ ಕಾಲವಾಗಿ ಬದಲಾಗುವುದಿಲ್ಲ. ಬೆಳಕಿನ ವೇಗ ಅಡ್ಡ ನಿಲ್ಲುತ್ತದೆ. ತಿರುಗಿಸಿ ಇನ್ನೊಂದರ ಜಾಗದಲ್ಲಿ ಇಡಲಾಗದ ದಿಕ್ಕನ್ನು ಉದ್ದ, ಅಗಲ, ಎತ್ತರದ ಒಡಹುಟ್ಟು ಎಂದು ಹೇಳುವಂತಿಲ್ಲ.

ಹಾಗಾದರೆ ಗೊಂದಲ ಇಷ್ಟು ಗಟ್ಟಿಯಾಗಿ ಅಂಟಿಕೊಂಡದ್ದು ಯಾಕೆ? ಅನಿಮೇಷನ್‌ಗಳಿಂದ ಎಂಬುದು ನನ್ನ ಖಚಿತ ಅಭಿಪ್ರಾಯ. ನಾಲ್ಕನೇ ದಿಕ್ಕನ್ನು ತೋರಿಸಲು ಪರದೆಯಲ್ಲಿ ಜಾಗವಿಲ್ಲವೆಂದು ಚಿತ್ರಕಾರರು ಅದರ ಬದಲಿಗೆ ಸಮಯ ಬಳಸುತ್ತಾರೆ. 5 ಸೆಂ.ಮೀ ತ್ರಿಜ್ಯದ ನಾಲ್ಕು ಆಯಾಮದ ಗೋಳವೊಂದು ನಮ್ಮ ಕೋಣೆಯನ್ನು ದಾಟಿ ಹೋಗುತ್ತದೆ ಎನ್ನಿ. ಮೊದಲು ಗಾಳಿಯಲ್ಲೊಂದು ಚುಕ್ಕೆ. ಅದರ ಕೇಂದ್ರ ನಾಲ್ಕನೇ ದಿಕ್ಕಿನಲ್ಲಿ ನಮ್ಮ ಕೋಣೆಯಿಂದ 4 ಸೆಂ.ಮೀ ದೂರವಿದ್ದಾಗ 3 ಸೆಂ.ಮೀ ತ್ರಿಜ್ಯದ ಚೆಂಡು, 3 ಸೆಂ.ಮೀ ದೂರವಿದ್ದಾಗ 4 ಸೆಂ.ಮೀ ಚೆಂಡು, ಕೇಂದ್ರವೇ ಕೋಣೆಯೊಳಗೆ ಬಂದಾಗ 5 ಸೆಂ.ಮೀ. ಆಮೇಲೆ ಅದೇ ಕ್ರಮದಲ್ಲಿ ಕುಗ್ಗಿ ಮಾಯ. ಪೈಥಾಗೊರಸ್ ಬಿಟ್ಟು ಬೇರೇನೂ ಇಲ್ಲಿಲ್ಲ. ಇದನ್ನು ಸಿನಿಮಾ ಮಾಡಿದರೆ ಊದಿ ಕುಗ್ಗುವ ಚೆಂಡು ಕಾಣುತ್ತದೆ, ನೋಡಿದವರು ‘ಓಹೋ, ನಾಲ್ಕನೆಯದು ಕಾಲ’ ಎಂದುಕೊಂಡು ಎದ್ದು ಹೋಗುತ್ತಾರೆ. ಗೋಳ ಊದಲೂ ಇಲ್ಲ, ಕುಗ್ಗಲೂ ಇಲ್ಲ. ನೀವು ನೋಡಿದ್ದು ಅದರ ಹೋಳುಗಳನ್ನು, ಒಂದಾದ ಮೇಲೊಂದರಂತೆ.

ಇನ್ನು ಬರೆಯುವ ವಿಷಯ. ಅವೆನ್ಯೂ ರಸ್ತೆಯ ಯಾವ ಪೇಪರ್ ಅಂಗಡಿಯಲ್ಲೂ ಸಿಗುವ ಗ್ರಾಫ್ ಹಾಳೆ ಸಾಕು. ಎಡಕ್ಕೆ 4 ಸೆಂ.ಮೀ, ಕೆಳಗೆ 2 ಸೆಂ.ಮೀ ಬಿಟ್ಟು ಒಂದು ಚುಕ್ಕೆ ಇಡಿ, ಅದರ ಹೆಸರು 0000. ನಾಲ್ಕು ದಿಕ್ಕಿಗೆ ನಾಲ್ಕು ಹೆಜ್ಜೆ ಗೊತ್ತು ಮಾಡಿಕೊಳ್ಳಿ. ಮೊದಲನೆಯದು ಬಲಕ್ಕೆ 6 ಸೆಂ.ಮೀ. ಎರಡನೆಯದು ಮೇಲಕ್ಕೆ 6. ಮೂರನೆಯದು ಬಲಕ್ಕೆ 3, ಮೇಲಕ್ಕೆ 2. ನಾಲ್ಕನೆಯದು ಎಡಕ್ಕೆ 2, ಮೇಲಕ್ಕೆ 3. ಹೆಸರಿನಲ್ಲಿ ಎಷ್ಟನೇ ಅಂಕಿ 1 ಇದೆಯೋ ಅಷ್ಟನೇ ಹೆಜ್ಜೆ ಹಾಕಬೇಕು. 0101 ಎಂದರೆ ಎರಡನೆಯ ಮತ್ತು ನಾಲ್ಕನೆಯ ಹೆಜ್ಜೆ: ಎಡಕ್ಕೆ 2, ಮೇಲಕ್ಕೆ 9. 1111 ಬೀಳುವುದು ಬಲಕ್ಕೆ 7, ಮೇಲಕ್ಕೆ 11ರಲ್ಲಿ. ಹೀಗೆ 0000ದಿಂದ 1111ರವರೆಗೆ 16 ಚುಕ್ಕೆಗಳಾಗುತ್ತವೆ. ಒಂದೇ ಒಂದು ಅಂಕಿಯಲ್ಲಿ ವ್ಯತ್ಯಾಸವಿರುವ ಚುಕ್ಕೆಗಳನ್ನು ಮಾತ್ರ ಗೆರೆಯಿಂದ ಸೇರಿಸಿ. ಇದೇ ಟೆಸರಾಕ್ಟ್, 1888ರಲ್ಲಿ ಬ್ರಿಟನ್ನಿನ ಗಣಿತಜ್ಞ ಹಿಂಟನ್ ಹೆಸರಿಟ್ಟ ನಾಲ್ಕು ಆಯಾಮದ ಘನ.

ಚುಕ್ಕೆಯಿಂದ ಚುಕ್ಕೆಗೆ ಹೋಗುತ್ತ ಗೆರೆ ಎಳೆದರೆ ಖಂಡಿತ ತಪ್ಪುತ್ತೀರಿ. ದಿಕ್ಕಿನಿಂದ ದಿಕ್ಕಿಗೆ ಹೋಗಿ: ಮೊದಲ ದಿಕ್ಕಿನ 8 ಸಮಾಂತರ ಗೆರೆಗಳು ಒಂದು ಬಣ್ಣದಲ್ಲಿ, ಎರಡನೆಯ ದಿಕ್ಕಿನ 8 ಇನ್ನೊಂದು ಬಣ್ಣದಲ್ಲಿ, ಹೀಗೆ ಒಟ್ಟು 32. ಪ್ರತಿ ಚುಕ್ಕೆಯಲ್ಲೂ ನಾಲ್ಕು ಬಣ್ಣದ ನಾಲ್ಕು ಗೆರೆ ಸೇರಿರಬೇಕು. ಐದಿದ್ದರೆ ಎಲ್ಲೋ ಎರಡು ಅಂಕಿ ವ್ಯತ್ಯಾಸದ ಜೋಡಿಯನ್ನು ಸೇರಿಸಿದ್ದೀರಿ.

ಚಿತ್ರದಲ್ಲಿ ಗೆರೆಗಳು ನಡುವೆ ಎಲ್ಲೆಲ್ಲೋ ಒಂದನ್ನೊಂದು ದಾಟುತ್ತವೆ, ಅದಕ್ಕೆ ಹೆದರಬೇಡಿ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನ ಕಡೆಗೆ ನೆಲದ ರಸ್ತೆ, ಅದರ ಮೇಲೆ ಫ್ಲೈಓವರ್, ಅದರ ಮೇಲೆ ಹಳದಿ ಮಾರ್ಗದ ಮೆಟ್ರೋ ಇದೆ. ನಕ್ಷೆಯಲ್ಲಿ ಮೂರೂ ಒಂದರ ಮೇಲೊಂದು ಬೀಳುತ್ತವೆ, ಆದರೂ ರೈಲು ಬಸ್ಸಿಗೆ ತಾಗುವುದಿಲ್ಲ. ಚಿತ್ರದಿಂದ ಒಂದು ಆಯಾಮ ಕಳೆದುಹೋದಾಗ ಹೀಗಾಗುತ್ತದೆ. ನಮ್ಮ ಹಾಳೆಯಿಂದ ಎರಡು ಕಳೆದುಹೋಗಿವೆ. ಟೆಸರಾಕ್ಟಿನ ಅಂಚುಗಳು ನಿಜವಾಗಿ ಸೇರುವುದು ಆ 16 ಶೃಂಗಗಳಲ್ಲಿ ಮಾತ್ರ.

ಈಗ ಘನಗಳನ್ನು ಹುಡುಕಿ. ಮೊದಲ ಅಂಕಿ 0 ಇರುವ ಎಂಟು ಚುಕ್ಕೆಗಳು ಒಂದು ಘನ, ಮೊದಲ ಅಂಕಿ 1 ಇರುವ ಎಂಟು ಇನ್ನೊಂದು. ನಾಲ್ಕು ಅಂಕಿಗೂ ಹೀಗೆ ಎರಡೆರಡು, ಒಟ್ಟು ಎಂಟು ಘನ. ಚೌಕ ಮುಖಗಳು 24. ನಾಲ್ಕನೇ ಆಯಾಮವನ್ನು ‘ಕಾಣುವುದು’ ಎಂದರೆ ಬಹುಪಾಲು ಇದೇ. ಒಂದೊಂದು ಘನವನ್ನೂ ಬೆರಳಿಟ್ಟು ತೋರಿಸಲು ಬಂದರೆ, ಯಾವ ಎರಡು ಘನಗಳು ಯಾವ ಚೌಕವನ್ನು ಹಂಚಿಕೊಂಡಿವೆ ಎಂದು ಹೇಳಲು ಬಂದರೆ, ನೀವು ಕಂಡ ಹಾಗೆಯೇ. ಘನವನ್ನು ಕಂಡಷ್ಟು ನೇರವಾಗಿ ಯಾರಿಗೂ ಕಾಣುವುದಿಲ್ಲ. ಮೂರು ಆಯಾಮವನ್ನೂ ನಮ್ಮ ಅಕ್ಷಿಪಟಲ ಚಪ್ಪಟೆ ಚಿತ್ರವಾಗಿಯೇ ಹಿಡಿಯುತ್ತದೆ, ಉಳಿದದ್ದನ್ನು ಮಿದುಳು ಅಭ್ಯಾಸದಿಂದ ತುಂಬಿಕೊಳ್ಳುತ್ತದೆ.

ನೀವು ಕೇಳಿದ ಘನದೊಳಗಿನ ಘನವೂ ಇದೇ ಟೆಸರಾಕ್ಟಿನ ಇನ್ನೊಂದು ಚಿತ್ರ. ಅದನ್ನು ಕೈಯಲ್ಲಿ ಹಿಡಿಯಬೇಕೆನ್ನುವವರು 30 ಸೆಂ.ಮೀ ಉದ್ದದ, 3 ಮಿ.ಮೀ ದಪ್ಪದ ಬಿದಿರು ಕಡ್ಡಿ 15 ತನ್ನಿ. ಹನ್ನೆರಡನ್ನು 20 ಮತ್ತು 10 ಸೆಂ.ಮೀ ಆಗಿ ಕತ್ತರಿಸಿದರೆ ಹೊರಗಿನ ಘನಕ್ಕೂ ಒಳಗಿನ ಘನಕ್ಕೂ ಸರಿಯಾಗುತ್ತದೆ. ಮೂಲೆಯಿಂದ ಮೂಲೆಗೆ ಸೇರಿಸುವ ಎಂಟು ಕಡ್ಡಿಗಳ ಉದ್ದ 5√3, ಅಂದರೆ 8.66 ಸೆಂ.ಮೀ. ಕಡ್ಡಿಯ ದಪ್ಪವೂ ಅಂಟೂ ಜಾಗ ತಿನ್ನುವುದರಿಂದ 8.4ಕ್ಕೆ ಕತ್ತರಿಸಿ, ಒಂದು ಕಡ್ಡಿಗೆ ಮೂರು ತುಂಡು ಬರುತ್ತವೆ. ಎಂಟೂ ಒಂದೇ ಅಳತೆಯಲ್ಲಿರಬೇಕು, ಇಲ್ಲದಿದ್ದರೆ ಒಳಗಿನ ಘನ ಓರೆಯಾಗುತ್ತದೆ. ಚೌಕ ತಾನಾಗಿ ಗಟ್ಟಿ ನಿಲ್ಲುವುದಿಲ್ಲ, ವಾಲುತ್ತದೆ. ಅಂಟು ಒಣಗುವವರೆಗೆ ಹೊರಗಿನ ಮುಖಗಳಿಗೆ ಕರ್ಣದ ಉದ್ದಕ್ಕೂ ದಾರ ಬಿಗಿದಿಡಿ. ಎಣಿಸುವಾಗ ಹೆಚ್ಚಿನವರು ಏಳು ಘನಕ್ಕೆ ನಿಲ್ಲುತ್ತಾರೆ: ಒಳಗಿನದು ಒಂದು, ಸುತ್ತಲಿನ ಮೊಟಕು ಪಿರಮಿಡ್ಡಿನಂಥವು ಆರು. ಎಲ್ಲವನ್ನೂ ಒಳಗೊಂಡ ಹೊರಗಿನದೇ ಎಂಟನೆಯದು. ಮೊಟಕಾಗಿ, ಚಿಕ್ಕದಾಗಿ ಕಾಣುವುದು ದೂರದ್ದು ಚಿಕ್ಕದಾಗಿ ಕಾಣುವ ದೂರದೃಶ್ಯದ ಪರಿಣಾಮ. ನಿಜದಲ್ಲಿ ಎಂಟೂ ಒಂದೇ ಅಳತೆಯವು.

ಇಷ್ಟು ದೂರ ಬಂದ ಮೇಲೆ, ಯಾರೂ ಕೇಳದಿದ್ದರೂ ಕೇಳಬೇಕಾಗಿದ್ದ ಒಂದು ಪ್ರಶ್ನೆ ಇದೆ: ನಾಲ್ಕು ಆಯಾಮದಲ್ಲಿ, ಮೂರರಲ್ಲಿ ಇಲ್ಲದ್ದು ಏನಾದರೂ ಹೊಸದು ಇದೆಯೇ? ಇದೆ, ಮತ್ತು ಅದು ನಿಮ್ಮ ಗ್ರಾಫ್ ಹಾಳೆಯಲ್ಲೇ ಇದೆ. 1 ಅಳತೆಯ ಚೌಕದ ಕರ್ಣ √2, ಘನದ್ದು √3, ಟೆಸರಾಕ್ಟಿನದು √4. ಅಂದರೆ ಸರಿಯಾಗಿ 2. ಅರ್ಧ ಕರ್ಣ 1, ಅಂಚೂ 1. ಕೇಂದ್ರದಿಂದ ಮೂಲೆಗೆ ಇರುವ ದೂರ ಅಂಚಿನಷ್ಟೇ ಆಗುವುದು ನಾಲ್ಕು ಆಯಾಮದಲ್ಲಿ ಮಾತ್ರ. ಕ್ರಮಬದ್ಧ ಘನಾಕೃತಿಗಳು ಮೂರು ಆಯಾಮದಲ್ಲಿ ಐದು, ಐದು ಮತ್ತು ಅದಕ್ಕಿಂತ ಹೆಚ್ಚಿನ ಎಲ್ಲ ಆಯಾಮಗಳಲ್ಲೂ ಬರೀ ಮೂರು. ನಾಲ್ಕರಲ್ಲಿ ಆರು ಇವೆ ಎಂದು ಷ್ಲೇಫ್ಲಿ ತೋರಿಸಿದರು. ಆ ಆರರಲ್ಲಿ ಒಂದಕ್ಕೆ ಬೇರೆ ಯಾವ ಆಯಾಮದಲ್ಲೂ ಜೊತೆಗಾರನಿಲ್ಲ: 24 ಅಷ್ಟಮುಖಿಗಳಿಂದಾದ ಆಕೃತಿ. ಅದು ಹುಟ್ಟುವುದು ಈ ಅರ್ಧ ಕರ್ಣದ ಹೊಂದಾಣಿಕೆಯಿಂದ. ಟೆಸರಾಕ್ಟಿನ ಕೇಂದ್ರದಿಂದ ಪ್ರತಿ ದಿಕ್ಕಿಗೂ ಒಂದು ಅಂಚಿನಷ್ಟು ದೂರ ಹೊಸ ಚುಕ್ಕೆ ಇಟ್ಟು ಹತ್ತಿರದ ಮೂಲೆಗಳಿಗೆ ಸೇರಿಸಿದರೆ ಅದು ಸಿಗುತ್ತದೆ. ಇದನ್ನೇ ಮೂರು ಆಯಾಮದ ಘನದ ಸುತ್ತ ಮಾಡಿದರೆ 12 ವಜ್ರಾಕಾರದ ಮುಖಗಳ ಆಕೃತಿ ಸಿಗುತ್ತದೆ, ಚೆಂದವೇ, ಆದರೆ ಕ್ರಮಬದ್ಧವಲ್ಲ.

ಆ 24 ಅಷ್ಟಮುಖಿಗಳ ಆಕೃತಿಯನ್ನು ಬರೆಯುವುದು ಹೀಗೆ. ನಿಮ್ಮ ಚಿತ್ರದ ಕೇಂದ್ರ 0000ದಿಂದ ಬಲಕ್ಕೆ 3.5, ಮೇಲಕ್ಕೆ 5.5 ಸೆಂ.ಮೀ. ಅಲ್ಲಿಂದ ಮೊದಲ ದಿಕ್ಕಿನ ಹೆಜ್ಜೆಯನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಹಾಕಿ ಎರಡು ಹೊಸ ಚುಕ್ಕೆ ಇಡಿ: ಒಂದು ಕೇಂದ್ರದಿಂದ ಬಲಕ್ಕೆ 6, ಇನ್ನೊಂದು ಎಡಕ್ಕೆ 6. ಉಳಿದ ಮೂರು ದಿಕ್ಕಿಗೂ ಹೀಗೆಯೇ ಮಾಡಿದರೆ ಎಂಟು ಚುಕ್ಕೆ. ಪ್ರತಿ ದಿಕ್ಕಿನಲ್ಲೂ ಮುಂದಕ್ಕೆ ಇಟ್ಟ ಚುಕ್ಕೆಯನ್ನು ಹೆಸರಿನ ಆ ಸ್ಥಾನದಲ್ಲಿ 1 ಇರುವ ಎಂಟು ಹಳೆಯ ಚುಕ್ಕೆಗಳಿಗೆ, ಹಿಂದಕ್ಕೆ ಇಟ್ಟದ್ದನ್ನು 0 ಇರುವ ಎಂಟಕ್ಕೆ ಸೇರಿಸಿ. ಹೊಸ ಗೆರೆ 64, ಹಳೆಯವು 32, ಒಟ್ಟು 96. ಮೊದಲು ನಾಲ್ಕು ಗೆರೆ ಇದ್ದ ಹಳೆಯ ಚುಕ್ಕೆಗಳಲ್ಲೂ ಈಗ ಎಂಟಾಗಿರುತ್ತದೆ, ಹೊಸ ಚುಕ್ಕೆಗಳಲ್ಲೂ ಎಂಟು. ಎಲ್ಲಾದರೂ ಏಳು ಕಂಡರೆ ಮೊದಲು ನಾಲ್ಕನೇ ದಿಕ್ಕಿನ ಹಿಂದಿನ ಚುಕ್ಕೆಯನ್ನು, ಅಂದರೆ ಕೇಂದ್ರದಿಂದ ಬಲಕ್ಕೆ 2, ಕೆಳಕ್ಕೆ 3ರಲ್ಲಿರುವುದನ್ನು ಪರೀಕ್ಷಿಸಿ. ಅದು ಗೆರೆಗಳ ಗುಂಪಿನೊಳಗೆ ಬೀಳುವುದರಿಂದ ಅಲ್ಲೇ ಒಂದು ಗೆರೆ ತಪ್ಪಿಹೋಗುವ ಸಂಭವ ಹೆಚ್ಚು.