ಆಳ ಇದ್ದಲ್ಲಿಗೆ ಹೋದ ಬಂದರು

ಮಂಗಳೂರಿನಲ್ಲಿ ಬಂದರಿಗೆ ದಾರಿ ಕೇಳಿದರೆ ಎರಡು ಉತ್ತರ ಸಿಗುತ್ತದೆ. ಹಳಬರು ಪೇಟೆಯ ಕೆಳಗಿನ ಇಕ್ಕಟ್ಟಾದ ಓಣಿಗಳತ್ತ ಕೈ ತೋರಿಸುತ್ತಾರೆ. ಲಾರಿಯವರು ಪಣಂಬೂರು ಅನ್ನುತ್ತಾರೆ. ಎರಡರ ನಡುವೆ ಸುಮಾರು 10 ಕಿ.ಮೀ. ದೂರ. ಬಂದರುಗಳಲ್ಲಿ ನೀರಿನ ಆಳ ಅಳೆಯುವುದು ನನ್ನ ಕೆಲಸ. ಈ 10 ಕಿ.ಮೀ. ಹೇಗೆ ಬಂತು ಎಂಬುದನ್ನು ರಾಜರ ಕಥೆಗಿಂತ ಆಳದ ನಕ್ಷೆಯೇ ಚೆನ್ನಾಗಿ ಹೇಳುತ್ತದೆ.

ಮೊದಲು ಹೊಳೆಗಳನ್ನು ನೋಡಬೇಕು. ನೇತ್ರಾವತಿ ಘಟ್ಟದಿಂದ ಇಳಿದು ಕಡಲು ಸೇರುತ್ತದೆ. ಫಲ್ಗುಣಿ, ಅಂದರೆ ಗುರುಪುರ ಹೊಳೆ, ಹಾಗಲ್ಲ. ಕಡಲ ಹತ್ತಿರಕ್ಕೆ ಬಂದು ದಕ್ಷಿಣಕ್ಕೆ ತಿರುಗುತ್ತದೆ. ದಡದ ಗುಂಟ ಹರಿದು ಹೋಗಿ ನೇತ್ರಾವತಿಯನ್ನು ಕೂಡುತ್ತದೆ. ಹೊಳೆಗೂ ಕಡಲಿಗೂ ನಡುವೆ ಉಳಿದ ಉದ್ದನೆಯ ಮರಳಪಟ್ಟಿಯೇ ಬೆಂಗ್ರೆ. ಅದರ ಮರೆಯಲ್ಲಿ ನೀರು ಶಾಂತ. ಹಳೇ ಬಂದರು ಹುಟ್ಟಿದ್ದು ಇಲ್ಲೇ.

ಆದರೆ ಒಳಗೆ ಬರಬೇಕಾದರೆ ಅಳಿವೆ ಬಾಗಿಲು, ಅಂದರೆ ಹೊಳೆ ಕಡಲು ಸೇರುವ ಬಾಯಿ, ದಾಟಬೇಕು. ಮಳೆಗಾಲದಲ್ಲಿ ಎರಡೂ ಹೊಳೆಗಳು ಮಣ್ಣು, ಮರಳು ಹೊತ್ತು ತರುತ್ತವೆ. ಎದುರಿನಿಂದ ಕಡಲ ಅಲೆ ಅದನ್ನು ತಳ್ಳುತ್ತದೆ. ಮುಂದೆಯೂ ಹೋಗದೆ ಹಿಂದೆಯೂ ಬಾರದೆ ಮರಳು ಬಾಗಿಲಲ್ಲೇ ಕೂರುತ್ತದೆ. ಹಾಗೆ ಎದ್ದ ದಿಬ್ಬ ಮುಂದಿನ ವರ್ಷ ಅದೇ ಜಾಗದಲ್ಲಿ ಇರುತ್ತದೆ ಅಂತ ಹೇಳುವ ಹಾಗಿಲ್ಲ. ಒಳಗೆ ನೀರು ಎಷ್ಟು ಜಾಸ್ತಿ ಇದ್ದರೂ ಏನು ಬಂತು? ಬಾಗಿಲಲ್ಲಿ ಎಷ್ಟು ನೀರಿದೆಯೋ ಅಷ್ಟೇ ಬಂದರಿನ ಆಳ.

ಹಿಂದಿನ ಮರದ ಹಡಗುಗಳಿಗೆ ಇದು ದೊಡ್ಡ ತೊಂದರೆ ಆಗಿರಲಿಲ್ಲ. ಅವುಗಳಿಗೆ ಒಂದೆರಡು ಮಾರು ನೀರು ಸಾಕಿತ್ತು. ಎರಡೂ ಕೈ ಚಾಚಿದರೆ ಒಂದು ಮಾರು, ಸುಮಾರು 6 ಅಡಿ. ಹಾಗಾಗಿ 6ನೇ ಶತಮಾನದಲ್ಲೇ ಕಾಸ್ಮಸ್ ಎಂಬ ಗ್ರೀಕ್ ವರ್ತಕ ಕರಿಮೆಣಸಿನ ಬಂದರುಗಳ ಪಟ್ಟಿಯಲ್ಲಿ ಈ ಊರನ್ನು ಸೇರಿಸಿದ್ದ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಇಲ್ಲಿ ವರ್ಷಗಟ್ಟಲೆ ನೆಲೆಸಿದ್ದ. ಅವನ ವ್ಯವಹಾರದ ಕಾಗದಗಳು ಕೈರೋದ ಪ್ರಾರ್ಥನಾ ಮಂದಿರವೊಂದರಲ್ಲಿ ಉಳಿದುಕೊಂಡಿದ್ದವು. ಅವುಗಳಲ್ಲಿ ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣದ ಲೆಕ್ಕ ಇದೆ. ಅವನ ಪರವಾಗಿ ಏಡನ್‌ವರೆಗೆ ಹೋಗಿ ವ್ಯಾಪಾರ ಮಾಡಿ ಬರುತ್ತಿದ್ದ ಬೊಮ್ಮ ಎಂಬ ಆಳಿನ ಹೆಸರೂ ಇದೆ. 14ನೇ ಶತಮಾನದಲ್ಲಿ ಇಬ್ನ್ ಬತೂತ ಬಂದಾಗ ಪರ್ಷಿಯಾ, ಯೆಮೆನ್ ವರ್ತಕರು ಇಲ್ಲಿ ಇಳಿಯುತ್ತಿದ್ದರು. ಪೋರ್ಚುಗೀಸರು, ಕೆಳದಿ ನಾಯಕರು, ಹೈದರ್, ಟಿಪ್ಪು, ಆಮೇಲೆ ಇಂಗ್ಲಿಷರು ಈ ಬಂದರಿಗಾಗಿ ಹೊಡೆದಾಡಿದರು. ಬಾಗಿಲಿನ ಮರಳು ಮಾತ್ರ ಯಾರ ಮಾತೂ ಕೇಳಲಿಲ್ಲ.

ಕಷ್ಟ ಶುರುವಾದದ್ದು ಉಗಿ ಹಡಗು ಬಂದಮೇಲೆ. ಅದು ಬಾಗಿಲು ದಾಟುವ ಹಾಗಿರಲಿಲ್ಲ. ಹೊರಗೆ ಕಡಲಲ್ಲೇ ಲಂಗರು ಹಾಕಿ ನಿಲ್ಲುತ್ತಿತ್ತು. ಸರಕು ಚಿಕ್ಕ ದೋಣಿಗಳಲ್ಲಿ ಹೋಗಬೇಕು, ಚಿಕ್ಕ ದೋಣಿಗಳಲ್ಲೇ ಬರಬೇಕು. ಅದೇ ಹೊತ್ತಿಗೆ ಸರಕೂ ಏರಿತು. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಹೆಂಚಿನ ಕಾರ್ಖಾನೆ ತೆರೆಯಿತು. ಹೊಳೆ ತಂದ ಜೇಡಿಮಣ್ಣೇ ಹೆಂಚಾಗಿ ಅದೇ ಹೊಳೆಯ ಮೇಲೆ ಹೊರಗೆ ಹೋಯಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ಘಟ್ಟ ಇಳಿದು ಬಂತು.

ಆಳ ಇಲ್ಲದ್ದು ಬಂದರಿಗೆ ಕೊರತೆ, ಊರಿಗೆ ಅನ್ನ. ಮೂಟೆ ಒಂದೇ ಸಲ ಹಡಗಿಗೆ ಹೋಗುವುದಿಲ್ಲ ಅಲ್ವಾ? ಗಾಡಿಯಿಂದ ಗೋದಾಮಿಗೆ, ಗೋದಾಮಿನಿಂದ ದೋಣಿಕಟ್ಟೆಯಾದ ದಕ್ಕೆಗೆ, ದಕ್ಕೆಯಿಂದ ದೋಣಿಗೆ, ದೋಣಿಯಿಂದ ಹಡಗಿಗೆ. ಪ್ರತಿ ಹೆಜ್ಜೆಗೂ ಒಬ್ಬ ಮನುಷ್ಯ ಬೇಕು. ಹೊರುವವರು, ತೂಗುವವರು, ಲೆಕ್ಕ ಬರೆಯುವವರು, ಹುಟ್ಟು ಹಾಕುವವರು. ಮಳೆಗಾಲದಲ್ಲಿ ಬಾಗಿಲು ಮುಚ್ಚಿದರೆ ತಿಂಗಳುಗಟ್ಟಲೆ ಸರಕು ಕಾಯಬೇಕು. ಅದಕ್ಕೆ ಗೋದಾಮು ಬೇಕು, ಸಾಲ ಕೊಡುವವರು ಬೇಕು. ಬಂದರಿನ ಓಣಿಗಳ ಸಾಲು ಸಾಲು ಹೆಂಚಿನ ಮಂಡಿಗಳನ್ನು ನೋಡುವಾಗ ನನಗೆ ಬಾಗಿಲಿನ ಆ ಮರಳ ದಿಬ್ಬವೇ ಕಣ್ಣಿಗೆ ಬರುತ್ತದೆ. ಹಡಗಿಗೆ ಬಾವುಟದ ಸನ್ನೆ ಕೊಡುತ್ತಿದ್ದ ಎತ್ತರದ ಜಾಗ ಇವತ್ತಿಗೂ ಬಾವುಟಗುಡ್ಡೆ.

1907ರಲ್ಲಿ ರೈಲು ಬಂತು. ಮದ್ರಾಸಿನ ಕಡೆಗೆ ದಾರಿಯಾಯಿತು. ಬಾಗಿಲಿನ ಆಳ ಅಷ್ಟೇ ಉಳಿಯಿತು.

ಸ್ವಾತಂತ್ರ್ಯದ ನಂತರ ದೊಡ್ಡ ಬಂದರು ಬೇಕು ಎಂದಾಗ ಎಂಜಿನಿಯರ್‌ಗಳು ಅಳಿವೆಯನ್ನೇ ಬಿಟ್ಟುಕೊಟ್ಟರು. ನನ್ನ ಪ್ರಕಾರ ಅದು ಸರಿಯಾದ ತೀರ್ಮಾನ. ಸಂಸದ ಯು. ಶ್ರೀನಿವಾಸ ಮಲ್ಯರು ಇದಕ್ಕಾಗಿ ಬಿಡದೆ ಓಡಾಡಿದರು. 1962ರಲ್ಲಿ ಪಣಂಬೂರಿನಲ್ಲಿ ಕೆಲಸ ಶುರುವಾಯಿತು. ಅಲ್ಲಿ ಹೊಳೆಯ ಬಾಯಿ ಇಲ್ಲ, ಹೊಳೆಯ ಹೂಳೂ ಇಲ್ಲ. ನೆಲವನ್ನೇ ಅಗೆದು ಕಡಲನ್ನು ಒಳಗೆ ಕರೆದರು. ಬಾಯಿಯ ಎರಡೂ ಕಡೆ ಕಲ್ಲಿನ ತಡೆಗೋಡೆ ಕಟ್ಟಿದರು. ಗದ್ದೆ, ತೋಟ ಬಿಟ್ಟುಕೊಟ್ಟ ಜನ ಕೃಷ್ಣಾಪುರ, ಕಾಟಿಪಳ್ಳದ ಕಡೆ ಹೊಸದಾಗಿ ಮನೆ ಕಟ್ಟಿಕೊಳ್ಳಬೇಕಾಯಿತು. ಅವರನ್ನು ಬಿಟ್ಟು ಈ ಬಂದರಿನ ಚರಿತ್ರೆ ಹೇಳಬಾರದು. 1974ರಲ್ಲಿ ಇದು ದೇಶದ 9ನೇ ಪ್ರಮುಖ ಬಂದರಾಯಿತು. 1975ರ ಜನವರಿ 11ರಂದು ಇಂದಿರಾ ಗಾಂಧಿ ಉದ್ಘಾಟಿಸಿದರು.

ಆಳ ಸಿಕ್ಕಿದ ಕೂಡಲೇ ಊರಿನ ದುಡಿಮೆಯೇ ಬದಲಾಯಿತು. ಕುದುರೆಮುಖದ ಅದಿರು 67 ಕಿ.ಮೀ. ಕೊಳವೆಯಲ್ಲಿ ನೀರಿನ ಜೊತೆ ಹರಿದು ಬಂತು. ಆ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ರಸಗೊಬ್ಬರ ಕಾರ್ಖಾನೆ, 1996ರಲ್ಲಿ ತೈಲ ಸಂಸ್ಕರಣಾಗಾರ ಬಂದವು. ಈಗ ವರ್ಷಕ್ಕೆ 4 ಕೋಟಿ ಟನ್ ಆಸುಪಾಸು ಸರಕು ಬರುತ್ತದೆ, ಹೋಗುತ್ತದೆ. ಅದರಲ್ಲಿ ಬಹುಪಾಲು ಕೊಳವೆ, ಬೆಲ್ಟು, ಕ್ರೇನುಗಳ ಮೇಲೆ ಸಾಗುತ್ತದೆ. ತಲೆಹೊರೆಗೆ ಜಾಗವಿಲ್ಲ. ಹಳೇ ಬಂದರಿನ ಗಳಿಕೆ ಓಣಿ ಓಣಿಗೆ ಹಂಚಿಹೋಗುತ್ತಿತ್ತು. ಹೊಸದು ಬೇಲಿಯ ಒಳಗೆ ದುಡಿಯುತ್ತದೆ. ಸಂಬಳ, ರಸ್ತೆ, ಕಾರ್ಖಾನೆಗಳ ರೂಪದಲ್ಲಿ ಊರಿಗೆ ತಲುಪುತ್ತದೆ. ನನಗೆ ಎರಡರ ಮೇಲೂ ಗೌರವ ಇದೆ. ಆದರೆ ಬಂದರು ದೂರ ಹೋದಮೇಲೆ ಪೇಟೆಯ ಮಕ್ಕಳು ಹಡಗನ್ನು ಹತ್ತಿರದಿಂದ ನೋಡುವುದೇ ತಪ್ಪಿತು. ಅದು ನನಗೆ ಬೇಸರ.

ಪಣಂಬೂರಿಗೂ ಹೂಳಿನ ಕಾಟ ತಪ್ಪಿಲ್ಲ. ಮಳೆಗಾಲದ ಅಲೆ ಕಡಲ ತಳದ ಕೆಸರನ್ನು ಎಬ್ಬಿಸಿ ಹಡಗಿನ ಕಾಲುವೆಗೆ ತುಂಬುತ್ತದೆ. ಪ್ರತಿ ವರ್ಷ ಹೂಳು ತೆಗೆಯಲೇಬೇಕು.

ಹಳೇ ಬಂದರೂ ಸುಮ್ನೆ ಕೂತಿಲ್ಲ. ಲಕ್ಷದ್ವೀಪದ ಅಮಿನಿ, ಕಡಮತ್ ಮುಂತಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡಕ್ಕೇ ಸೇರಿದ್ದವು. ದ್ವೀಪದವರು ತೆಂಗಿನ ನಾರು ತಂದು ಇಲ್ಲಿಂದ ಅಕ್ಕಿ ಒಯ್ಯುತ್ತಿದ್ದರು. ಈಗಲೂ ಮಂಜಿಗಳು, ಅಂದರೆ ಮರದ ಸರಕು ಹಡಗುಗಳು, ಅಕ್ಕಿ, ತರಕಾರಿ, ಕಲ್ಲು, ಸಿಮೆಂಟು ತುಂಬಿಕೊಂಡು ಲಕ್ಷದ್ವೀಪಕ್ಕೆ ಹೊರಡುತ್ತವೆ. ಮಳೆ ಮುಗಿದು ಸೆಪ್ಟೆಂಬರ್ ಬಂದಾಗ ಮಂಜಿಯವರ ಪ್ರಶ್ನೆ ಒಂದೇ: ಈ ಸಲ ಬಾಗಿಲಲ್ಲಿ ನೀರೆಷ್ಟು?