‘ನಂಬರ್ ಅದ ರೀ’ ಅಂದ ಬೋಟ್

ಹೋದ ತಿಂಗಳು ಅಫಜಲಪುರ ಕಡೆಯಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ಮಲ್ಪೆ ಕಡೆಯಿಂದ ಹಳೇ ಫೈಬರ್ ಬೋಟ್ ತಂದಿದ್ದಾನೆ. ಹಿಂದೆ 9.9 ಎಚ್‌ಪಿ ಎಂಜಿನ್. ಹುಣ್ಣಿಮೆಗೆ ಗಾಣಗಾಪುರ ಸಂಗಮಕ್ಕೆ ಬರುವ ಭಕ್ತರನ್ನು ಕೂರಿಸಿಕೊಂಡು ಭೀಮೆಯಲ್ಲಿ ಒಂದು ಸುತ್ತು ಹಾಕಿಸುವುದು ಅವನ ಲೆಕ್ಕ. ಕೇಳಿದ್ದು ಇಷ್ಟೇ: “ಸಾಹೇಬ್ರ, ಇದಕ್ಕ ಆರ್‌ಟಿಒದಾಗ ಪಾಸಿಂಗ್ ಮಾಡಸ್ಬೇಕೇನ್ರಿ?”

ನಗಬೇಡಿ. ಕರಾವಳಿಯಲ್ಲಿ ಬೋಟ್ ತಪಾಸಣೆ ಕೆಲಸ ಮಾಡಿ ಊರಿಗೆ ಮರಳಿದ ಮೇಲೆ ನನಗೆ ಜಾಸ್ತಿ ಬಂದಿರೋ ಪ್ರಶ್ನೆ ಇದೇ. ಆರ್‌ಟಿಒ ಕೆಲಸ ಮಾಡೋದು 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ, ಅದು ರಸ್ತೆ ಮೇಲಿನ ಗಾಡಿಗೆ. ನೀರಿನ ಮೇಲೆ ಓಡೋದಕ್ಕೆ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ. ಅದಕ್ಕೂ ಮುಂಚೆ ಇದ್ದದ್ದು 1917ರದ್ದು, ನಮ್ಮ ಗುಲ್ಬರ್ಗ ಇನ್ನೂ ನಿಜಾಮರ ಕೈಯಲ್ಲಿದ್ದ ಕಾಲದ್ದು! ಹಡಗು ಅಂದ ಕೂಡಲೇ ಜನ ಮುಂಬೈ ಬಂದರು ನೆನಪು ಮಾಡ್ಕೊಳ್ತಾರೆ. ಆದರೆ ಕಾಯ್ದೆಯ ಕಣ್ಣಿಗೆ ಎಂಜಿನ್ ಬಲದಲ್ಲಿ ಓಡುವ ಹದಿನೈದು ಅಡಿ ಬೋಟೂ ಹಡಗೇ. ನಮ್ಮ ರಾಜ್ಯದಲ್ಲಿ ಈ ಕೆಲಸ ನೋಡೋದು ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ, ಅದರ ಮುಖ್ಯ ಕಚೇರಿ ಇರೋದು ಕಾರವಾರದಲ್ಲಿ. ನಮ್ಮವರಿಗೆ ಒಂದು ರಾತ್ರಿ ಬಸ್ಸಿನ ದಾರಿ. ಅದಕ್ಕೇ ಇಲ್ಲಿ ಬಹಳ ಜನ ಇದರ ಗೋಜಿಗೇ ಹೋಗಲ್ಲ ಅನ್ನೋದು ನನ್ನ ಗುಮಾನಿ.

ಇಷ್ಟು ಹೇಳಿದರೆ ಹುಡುಗ ಗೆದ್ದವನ ಹಾಗೆ, “ನಂಬರ್ ಅದ ರೀ ಇದಕ್ಕ!” ಅಂದ. ಫೋಟೋ ಕಳಿಸಿದ. ಬೋಟಿನ ಮೂತಿ ಹತ್ತಿರ ಐಎನ್‌ಡಿ ಕೆಎ ಅಂತ ಶುರುವಾಗುವ ನಂಬರ್. ಅದು ಮೀನುಗಾರಿಕೆ ಬೋಟಿನ ನೋಂದಣಿ. ಮೀನು ಹಿಡಿಯೋಕೆ ಕೊಟ್ಟದ್ದು, ಜನ ಒಯ್ಯೋಕೆ ಅಲ್ಲ.

ಇದು ಬರೀ ಕಾಗದದ ತಕರಾರಲ್ಲ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಪ್ರವಾಸಿ ಬೋಟ್ ಮಗುಚಿ 22 ಜನ ಸತ್ತರಲ್ಲ, ಅದು ಮೀನುಗಾರಿಕೆ ಬೋಟನ್ನೇ ಮಾರ್ಪಾಡು ಮಾಡಿದ್ದು. ಮೀನಿನ ಭಾರ ತಳದಲ್ಲಿ ಕೂರುತ್ತದೆ, ಅಲ್ಲಾಡಲ್ಲ. ಮನುಷ್ಯರ ಭಾರ ಮೇಲಿರುತ್ತದೆ, ಅದೂ ಎದ್ದು ನಿಲ್ಲುತ್ತದೆ, ಸೆಲ್ಫಿ ತೆಗೆಯೋಕೆ ಎಲ್ಲರೂ ಒಂದೇ ಬದಿಗೆ ಬರುತ್ತದೆ. ಸರ್ವೆ, ಅಂದರೆ ನೋಂದಣಿಗೆ ಮುಂಚಿನ ಬೋಟ್ ತಪಾಸಣೆ, ಇದನ್ನ ನೋಡೋಕೇ ಇರೋದು. ಜನರ ಬದಲು ಉಸುಕಿನ ಚೀಲ ಇಟ್ಟು, ತಲೆಗೆ 75 ಕೆಜಿ ಲೆಕ್ಕ ಹಿಡಿದು, ಆ ಚೀಲಗಳನ್ನ ಒಂದು ಬದಿಗೆ ಜರುಗಿಸಿ ಬೋಟ್ ಎಷ್ಟು ವಾಲುತ್ತದೆ, ನೀರಿಗೂ ಅಂಚಿಗೂ ಎಷ್ಟು ಗೇಣು ಉಳಿಯುತ್ತದೆ ಅಂತ ನೋಡ್ತೀವಿ. ಈ ಹುಡುಗ 14 ಜನ ಕೂರ್ತಾರೆ ಅಂದಿದ್ದ. ಅಂದರೆ 1,050 ಕೆಜಿ, ಮೇಲೆ ಹಿಂದಿನ ತುದಿಗೆ ನೇತಾಡುವ ಎಂಜಿನ್ನು, ಪೆಟ್ರೋಲ್ ಕ್ಯಾನು, ಓಡಿಸುವವನು ಬೇರೆ. ಸೀಟು ಎಷ್ಟಿದೆ ಅಂತ ಬೋಟನ್ನ ಅಳೆಯೋದಲ್ಲ, ಅಂಚನ್ನ ಅಳೆಯಬೇಕು.

ಸರ್ವೆ ಪ್ರಮಾಣಪತ್ರ ಬಂದ ಮೇಲೇ ನೋಂದಣಿ. ಮೊದಲು ನೋಂದಣಿ, ಆಮೇಲೆ ಸರ್ವೆ ಅಂತ ಯಾರಾದರೂ ಏಜೆಂಟ್ ಹೇಳಿದರೆ ಅವನಿಗೆ ದುಡ್ಡು ಕೊಡಬೇಡಿ. ಹೊಸ ಕಾಯ್ದೆಯ ಒಳ್ಳೆಯ ಸಂಗತಿ ಅಂದ್ರೆ ಒಂದು ರಾಜ್ಯದ ನೋಂದಣಿ ದೇಶದ ಎಲ್ಲ ಕಡೆ ನಡೆಯುತ್ತದೆ. ಕೆಲವು ಕಡೆ ಭೀಮೆಯ ಆಚೆ ದಂಡೆ ಮಹಾರಾಷ್ಟ್ರದ್ದು ನೋಡಿ, ಅಲ್ಲಿಯವರಿಗೆ ಇದು ದೊಡ್ಡ ನೆಮ್ಮದಿ. ಆದರೆ ಬೋಟಿನ ಆಕಾರ ಬದಲಿಸಿದರೆ, ಮೇಲೊಂದು ಚಾವಣಿ ಹಾಕಿಸಿದರೂ, ಇಲಾಖೆಗೆ ತಿಳಿಸಲೇಬೇಕು. ವಿಮೆ ಇಲ್ಲದೆ ನೀರಿಗೆ ಇಳಿಸುವಂತಿಲ್ಲ. ಕಾರಿನ ಲೈಸೆನ್ಸ್ ತೋರಿಸಿದರೆ ಆಗಲ್ಲ, ಓಡಿಸುವವನಿಗೆ ಸಾರಂಗ್ (ಬೋಟ್ ನಡೆಸುವವನು) ಅಥವಾ ಅದಕ್ಕೆ ತಕ್ಕ ಅರ್ಹತಾ ಪತ್ರ ಬೇಕು.

ಯಾದಗಿರಿ ಕಡೆಯವರ ಕಥೆ ಬೇರೆ. ಅಲ್ಲಿ ಪುಟ್ಟಿ, ಅಂದರೆ ಹರಿಗೋಲು ಜಾಸ್ತಿ, ಬರೀ ಹುಟ್ಟು ಹಾಕಿ ದಾಟಿಸೋದು. ಎಂಜಿನ್ ಇಲ್ಲದ ದೋಣಿ, ತೆಪ್ಪ, ಪುಟ್ಟಿಗಳಿಗೆ ಕಾಯ್ದೆ ಇಷ್ಟೆಲ್ಲ ಕೇಳಲ್ಲ, ಸ್ಥಳೀಯ ಸಂಸ್ಥೆಯಲ್ಲಿ ಹೆಸರು ಬರೆಸುವ ವ್ಯವಸ್ಥೆ ಇಟ್ಟಿದೆ. ತಿಂಥಣಿ ಹತ್ತಿರ ಕೃಷ್ಣೆ ದಂಡೆಯಲ್ಲಿ ಒಬ್ಬ ಹಿರಿಯ ಅಂಬಿಗರು ಕೇಳಿದರು, “ತಮ್ಮಾ, ಸಣ್ಣದೊಂದು ಮೋಟರ್ ಕಟ್ಟಿದ್ರ ಏನಾಗ್ತದ?” “ಕಾಕಾ, ಮೋಟರ್ ಕಟ್ಟಿದ ಗಳಿಗೀಲೆ ಅದು ಪುಟ್ಟಿ ಅಲ್ಲ, ಸರ್ಕಾರದ ಪಾಲಿಗೆ ಹಡಗು ಆಗ್ತದ” ಅಂದೆ. ಅವರಿಗೆ ನಗು. ನೀರಿಗೂ ಅದು ಹೇಗೆ ಒಪ್ಪಲ್ಲ ಅನ್ನೋದನ್ನ ಹೇಳಬೇಕಾಯ್ತು: ಪುಟ್ಟಿ ಗುಂಡಗಿದೆ, ಅದಕ್ಕೆ ಹಿಂದು ಮುಂದು ಇಲ್ಲ, ಒಂದು ಕಡೆಯಿಂದ ತಳ್ಳಿದರೆ ಬುಗುರಿ ಹಾಗೆ ತಿರುಗುತ್ತದೆ. ಇನ್ನು ಹೊಲದ ಪಂಪ್‌ಸೆಟ್ ಎಂಜಿನ್ನನ್ನೇ ಉದ್ದ ರಾಡು ಹಾಕಿ ದೋಣಿಗೆ ಕೂರಿಸುವವರಿದ್ದಾರೆ. ಜಾಣತನ ಮೆಚ್ಚಬೇಕು, ಆದರೆ ಆ ಕಬ್ಬಿಣದ ಭಾರಕ್ಕೆ ಹಿಂದಿನ ಅಂಚು ನೀರಿಗೆ ಮುತ್ತಿಕ್ಕುತ್ತಿರುತ್ತದೆ.

ಜಲಾಶಯದಲ್ಲಿ ಬೋಟ್ ಬಿಡೋರಿಗೆ ಇನ್ನೊಂದು ಮಾತು. ನೋಂದಣಿ ಆಯ್ತು ಅಂದ ಮಾತ್ರಕ್ಕೆ ನಾರಾಯಣಪುರ ಅಥವಾ ಕಾರಂಜಾದಲ್ಲಿ ಇಳಿಸೋಕೆ ಬರಲ್ಲ, ಆ ನೀರು ನೋಡಿಕೊಳ್ಳುವ ನೀರಾವರಿ ನಿಗಮದ ಒಪ್ಪಿಗೆ ಬೇರೆ. ಬ್ಯಾರೇಜಿನ ಗೇಟ್ ಹತ್ತಿರವಂತೂ ಸುಳಿಯಲೇಬೇಡಿ.

ಲೈಫ್ ಜಾಕೆಟ್ ಬಗ್ಗೆ ನನಗೆ ತಾಳ್ಮೆ ಕಡಿಮೆ. ಸೀಟಿನ ಕೆಳಗೆ ಗಂಟು ಕಟ್ಟಿಟ್ಟದ್ದು ಜಾಕೆಟ್ ಅಲ್ಲ, ದಿಂಬು. 2024ರ ಮೇ 21ರಂದು ಇದೇ ಭೀಮೆಯ ಮೇಲ್ಭಾಗದಲ್ಲಿ, ಮಹಾರಾಷ್ಟ್ರದ ಉಜನಿ ಜಲಾಶಯದ ಹಿನ್ನೀರಿನಲ್ಲಿ, ಊರಿಂದ ಊರಿಗೆ ಜನ ದಾಟಿಸುತ್ತಿದ್ದ ಬೋಟ್ ಜೋರು ಗಾಳಿಗೆ ಮಗುಚಿ 6 ಜನ ಹೋದರು. ಸಂಜೆ ಗಾಳಿ ನಮ್ಮ ಬಯಲಿನಲ್ಲೂ ಹೇಳದೆ ಏಳುತ್ತದೆ. ಹತ್ತುವ ಮುಂಚೆಯೇ ಮೈಮೇಲೆ ಜಾಕೆಟ್ ಇರಲಿ.

ಆ ಹುಡುಗನಿಗೆ ಹೇಳಿದ್ದು ಇಷ್ಟು: ಮೀನುಗಾರಿಕೆ ನೋಂದಣಿ ರದ್ದಾದ ಪತ್ರವನ್ನ ಮಾರಿದವನಿಂದ ತಗೋ, ಎಂಜಿನ್ ನಂಬರ್ ತಾಳೆ ನೋಡು, ಆಮೇಲೆ ಸರ್ವೆಗೆ ಅರ್ಜಿ ಹಾಕು. ಪೂರಾ ದುಡ್ಡು ಕೊಟ್ಟಿಲ್ಲ ತಾನೇ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಬೋಟ್ ಈಗ ಅವರ ಹೊಲದ ಬದುವಿನ ಮೇಲೆ ಬೋರಲು ಬಿದ್ದಿದೆ, ಮಾರಿದವನು ಫೋನ್ ಎತ್ತುತ್ತಿಲ್ಲವಂತೆ.