ಪಕ್ಕೆಲುಬಿನಿಂದ ಬಂದ ಮೂಗು

ಎದೆಯ ಕೆಳಭಾಗದಲ್ಲಿ ಒಂದು ಸಣ್ಣ ಗೀರು ಹಾಕಿ, ಆರನೆಯದೋ ಏಳನೆಯದೋ ಪಕ್ಕೆಲುಬಿನ ಮುಂತುದಿಯಿಂದ ಕಿರುಬೆರಳಿನಷ್ಟು ಉದ್ದದ ಬಿಳಿಯ ತುಂಡೊಂದನ್ನು ಹೊರತೆಗೆಯುತ್ತಾರೆ. ಗಾಯ ಹೊಲಿಯುವ ಮುನ್ನ ಆ ಗುಂಡಿಗೆ ಉಪ್ಪುನೀರು ಸುರಿದು, ಶ್ವಾಸಕೋಶವನ್ನು ಒಮ್ಮೆ ಉಬ್ಬಿಸುವಂತೆ ಅರಿವಳಿಕೆ ತಜ್ಞರಿಗೆ ಹೇಳುತ್ತಾರೆ. ನೀರಿನಲ್ಲಿ ಗುಳ್ಳೆ ಏಳದಿದ್ದರೆ ಶ್ವಾಸಕೋಶದ ಸುತ್ತಲಿನ ಪೊರೆ ತೂತಾಗಿಲ್ಲವೆಂದು ಅರ್ಥ. ಪಂಕ್ಚರ್ ಅಂಗಡಿಯವರು ಟ್ಯೂಬನ್ನು ಬೋಗುಣಿಯಲ್ಲಿ ಅದ್ದಿ ಹಿಂಡಿ ನೋಡುತ್ತಾರಲ್ಲ, ಅದೇ ಪರೀಕ್ಷೆ.

ತೆಗೆದ ತುಂಡನ್ನು ಹಲಗೆಯಂತೆ ತೆಳ್ಳಗೆ ಸೀಳಿ, ಪಟ್ಟಿಗಳನ್ನು ಉಪ್ಪುನೀರಿನ ಬಟ್ಟಲಿಗೆ ಹಾಕುತ್ತಾರೆ. ಆಮೇಲೆ ಕಾಯುತ್ತಾರೆ, ಕಾಲು ಗಂಟೆಯೋ ಅರ್ಧ ಗಂಟೆಯೋ. ನೇರವಾಗಿ ಸೀಳಿದ ಪಟ್ಟಿಗಳಲ್ಲಿ ಕೆಲವು ಅಷ್ಟರೊಳಗೆ ತಾವಾಗಿಯೇ ಬಿಲ್ಲಿನಂತೆ ಬಾಗಿಬಿಡುತ್ತವೆ. ಬಾಗದೆ ಉಳಿದದ್ದು ಮೂಗಿನ ಕಂಬವಾಗುತ್ತದೆ.

ಮೂಗಿಗೆ ಪಕ್ಕೆಲುಬೇಕೆ? ಮೊದಲ ಸಲ ಮೂಗಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರಿಗೆ ಸಾಮಾನ್ಯವಾಗಿ ಇದರ ಅಗತ್ಯ ಬೀಳುವುದಿಲ್ಲ. ಎರಡು ಹೊಳ್ಳೆಗಳ ನಡುವಿನ ಗೋಡೆಯಲ್ಲಿಯೇ ಬೇಕಾದಷ್ಟು ಮೃದ್ವಸ್ಥಿ, ಅಂದರೆ ಪಕ್ಕೆಲುಬಿನ ಆ ಬಿಳಿಯ ತುಂಡಿನಂಥ ಮೆತ್ತನೆಯ ಎಲುಬು, ಇರುತ್ತದೆ. ಪಕ್ಕೆಲುಬಿಗೆ ಕೈಹಾಕುವ ಸಂದರ್ಭ ಬರುವುದು ಹೆಚ್ಚಾಗಿ ಎರಡನೆಯ ಅಥವಾ ಮೂರನೆಯ ಸಲದವರಿಗೆ, ಮೊದಲ ಚಿಕಿತ್ಸೆಯ ಫಲ ಮನಸ್ಸಿಗೆ ಒಪ್ಪದವರಿಗೆ, ಅಥವಾ ಆ ಚಿಕಿತ್ಸೆಯ ನಂತರ ಉಸಿರಾಟವೇ ಕಷ್ಟವಾದವರಿಗೆ. ವೈದ್ಯರು ಇದನ್ನು ರಿವಿಷನ್ ರೈನೋಪ್ಲಾಸ್ಟಿ ಎನ್ನುತ್ತಾರೆ. ಪ್ರಕಟವಾದ ವರದಿಗಳನ್ನು ನೋಡಿದರೆ, ಮೂಗಿನ ಆಕಾರ ಬದಲಿಸಿಕೊಂಡವರಲ್ಲಿ ಸುಮಾರು ಶೇ 5ರಿಂದ 15ರಷ್ಟು ಜನ ಮತ್ತೊಮ್ಮೆ ಶಸ್ತ್ರಚಿಕಿತ್ಸೆಯ ಮೇಜು ಹತ್ತುತ್ತಾರೆ. ಅವರಲ್ಲಿ ಹಲವರ ಮೂಗಿನಲ್ಲಿ ನಡುಗೋಡೆಯ ಮೃದ್ವಸ್ಥಿ ಆಗಲೇ ಖರ್ಚಾಗಿರುತ್ತದೆ. ಅಂಗಳದ ಬಾವಿ ಬತ್ತಿದರೆ ದೂರದ ಕೆರೆಯಿಂದ ನೀರು ಹೊರಬೇಕಲ್ಲವೇ, ಹಾಗೆ. ಮೊದಲು ಕಿವಿಯ ಬಟ್ಟಲು, ಅದೂ ಸಾಲದಿದ್ದರೆ ಪಕ್ಕೆಲುಬು.

ನನಗೆ ಕಂಡಂತೆ ಈ ಎರಡನೆಯ ಶಸ್ತ್ರಚಿಕಿತ್ಸೆಯ ಬಹುಪಾಲು ಕೆಲಸ ಮೊದಲನೆಯದರಲ್ಲಿ ಕಳೆದದ್ದನ್ನು ಕೂಡುವುದು. ಈ ಲೆಕ್ಕ ಎಲ್ಲಿ ತಪ್ಪಿತು ಎಂದು ತಿಳಿಯಲು ಬರ್ಲಿನ್ನಿಗೆ ಹೋಗಬೇಕು. ಅಲ್ಲಿ 1898ರಲ್ಲಿ ಜಾಕ್ಸ್ ಜೋಸೆಫ್ ಎಂಬ ಮೂಳೆವೈದ್ಯರು, ತನ್ನ ದೊಡ್ಡ ಮೂಗಿನಿಂದಾಗಿ ಜನರ ನಡುವೆ ಓಡಾಡಲೇ ಹಿಂಜರಿಯುತ್ತಿದ್ದ ತರುಣನೊಬ್ಬನ ಮೂಗನ್ನು ಚಿಕ್ಕದು ಮಾಡಿದರು. ಅದಕ್ಕೆ ಹನ್ನೊಂದು ವರ್ಷ ಮೊದಲೇ ಅಮೆರಿಕದ ರಾಚೆಸ್ಟರಿನಲ್ಲಿ ಜಾನ್ ಒರ್ಲ್ಯಾಂಡೊ ರೋ ಮೊಂಡು ಮೂಗನ್ನು ಒಳಗಿನಿಂದಲೇ, ಹೊರಗೆ ಗಾಯ ಕಾಣದಂತೆ ತಿದ್ದಿದ್ದರು. ಆದರೆ ಈ ವಿದ್ಯೆಗೆ ಕ್ರಮ ಕಟ್ಟಿ, ಉಪಕರಣಗಳನ್ನು ರೂಪಿಸಿ, ಶಿಷ್ಯರನ್ನು ತಯಾರು ಮಾಡಿದವರು ಜೋಸೆಫ್. ಅವರ ದಾರಿಯಲ್ಲಿ ನಡೆದವರಿಗೆ ಮೂಗಿನ ತೊಂದರೆ ಎಂದರೆ ಮೂಗು ಹೆಚ್ಚಾಗಿರುವುದು. ಗೂನು ಇದ್ದರೆ ಅರ, ಉದ್ದವಿದ್ದರೆ ಕತ್ತರಿ. ಮುಂದಿನ ಎಪ್ಪತ್ತು ಎಂಬತ್ತು ವರ್ಷ ಮೂಗಿನ ಸೌಂದರ್ಯ ಚಿಕಿತ್ಸೆ ಬಹುಮಟ್ಟಿಗೆ ಕಡಿಮೆ ಮಾಡುವ ಕಲೆಯೇ ಆಗಿತ್ತು.

ಕಡಿಮೆ ಮಾಡಿದ ಮೂಗು ಮೊದಲ ವರ್ಷ ಚೆನ್ನಾಗಿಯೇ ಕಾಣುತ್ತದೆ. ಫೋಟೊ ತೆಗೆಸಿಕೊಂಡು ಎಲ್ಲರೂ ಸಂತೋಷವಾಗಿ ಮನೆಗೆ ಹೋಗುತ್ತಾರೆ. ಆದರೆ ಮೂಗು ಮರದ ಬೊಂಬೆಯದಲ್ಲ. ಮೇಲಿನ ಮೂರನೇ ಒಂದು ಭಾಗ ಮೂಳೆ. ಅದರ ಕೆಳಗೆ ನಡುಗೋಡೆಗೆ ಮಾಡಿನಂತೆ ಆತುಕೊಂಡ ಎರಡು ಮೃದ್ವಸ್ಥಿ ಹಾಳೆಗಳು. ತುದಿಯಲ್ಲಿ ಹೊಳ್ಳೆಗಳನ್ನು ಕಮಾನಿನಂತೆ ಎತ್ತಿ ಹಿಡಿದ ಇನ್ನೊಂದು ಜೋಡಿ. ಗೂನನ್ನು ಅರದಿಂದ ಉಜ್ಜಿ ತೆಗೆದಾಗ ಮಾಡು ಗೋಡೆಗೆ ಅಂಟಿದ್ದ ಜಾಗವೇ ಹೋಗುತ್ತದೆ. ಆಧಾರ ತಪ್ಪಿದ ಹಾಳೆಗಳು ವರ್ಷಗಳು ಕಳೆದಂತೆ ಮೆಲ್ಲಗೆ ಒಳಕ್ಕೆ ಕುಸಿಯುತ್ತವೆ. ಆಗ ಮೂಳೆಯ ಅಂಚು ಚರ್ಮದಡಿಯಲ್ಲಿ ತಲೆಕೆಳಗಾದ ಇಂಗ್ಲಿಷ್ ವಿ ಅಕ್ಷರದ ಆಕಾರದಲ್ಲಿ ಎದ್ದು ಕಾಣತೊಡಗುತ್ತದೆ. ನಡುಗೋಡೆಯನ್ನು ಅತಿಯಾಗಿ ಕೆತ್ತಿದ್ದರೆ ಮೂಗಿನ ಬೆನ್ನು ಕುದುರೆಯ ಜೀನಿನಂತೆ ಕುಳಿಬೀಳುತ್ತದೆ. ಬೆನ್ನಿನ ಕೆಳಗೂ ಮುಂಭಾಗದಲ್ಲೂ ಕನಿಷ್ಠ ಒಂದು ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಮುಟ್ಟಬಾರದೆಂಬ ಪಾಠವನ್ನು ಈಗಿನ ವಿದ್ಯಾರ್ಥಿಗಳು ಮೊದಲೇ ಕಲಿಯುತ್ತಾರೆ. ಆ ಪಾಠ ಬಂದದ್ದು ಕುಸಿದ ಮೂಗುಗಳಿಂದ.

ಓದುತ್ತಿರುವವರು ಈಗಲೇ ಒಂದು ಕೆಲಸ ಮಾಡಿ ನೋಡಬಹುದು. ಮೂಗಿನ ಪಕ್ಕದ ಕೆನ್ನೆಯ ಮೇಲೆ ಬೆರಳಿಟ್ಟು, ಚರ್ಮವನ್ನು ಕಿವಿಯ ಕಡೆಗೆ ಸ್ವಲ್ಪ ಎಳೆದು ಉಸಿರೆಳೆದುಕೊಳ್ಳಿ. ಗಾಳಿ ಹೆಚ್ಚು ಸಲೀಸಾಗಿ ಒಳಹೋಗುತ್ತದೆ. ಅಮೆರಿಕದ ಮೂಗುತಜ್ಞ ಮಾರಿಸ್ ಕಾಟಲ್ ಅವರ ಹೆಸರಿನ ಪರೀಕ್ಷೆ ಇದು. ನೀವು ಅಗಲಿಸಿದ್ದು ಮಾಡು ಮತ್ತು ಗೋಡೆ ಕೂಡುವ ಮೂಲೆಯನ್ನು. ಬಿಳಿಯರ ಮೂಗಿನಲ್ಲಿ ಆ ಕೋನ 10ರಿಂದ 15 ಡಿಗ್ರಿ ಮಾತ್ರ. ಉಸಿರಾಟದ ದಾರಿಯಲ್ಲಿ ಗಾಳಿ ಎದುರಿಸುವ ಒಟ್ಟು ತಡೆಯಲ್ಲಿ ಅರ್ಧದಷ್ಟು ಮೂಗಿನಲ್ಲೇ ಇದೆ, ಅದರಲ್ಲೂ ಅತಿ ಇಕ್ಕಟ್ಟಾದ ಜಾಗ ಈ ಮೂಲೆ. ಕೊಳವೆಯೊಂದರಲ್ಲಿ ಹರಿವು ಅದರ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ. ಅಂದರೆ ತ್ರಿಜ್ಯ ಶೇ 20ರಷ್ಟು ಕುಗ್ಗಿದರೆ, ಒತ್ತಡ ಅಷ್ಟೇ ಇದ್ದಾಗ, ಹರಿವು ಶೇ 41ಕ್ಕೆ ಇಳಿದುಬಿಡುತ್ತದೆ. ಮೂಗು ನುಣುಪಾದ ಕೊಳವೆಯಲ್ಲ, ಲೆಕ್ಕ ಇಷ್ಟು ಕರಾರುವಾಕ್ಕಾಗಿ ಹೊಂದುವುದಿಲ್ಲ. ಆದರೂ ಹೊರಗೆ ಒಂದು ಮಿಲಿಮೀಟರ್ ಕತ್ತರಿಸಿದ್ದಕ್ಕೆ ಒಳಗೆ ತೆರುವ ಬೆಲೆ ಎಷ್ಟೆಂಬ ಅಂದಾಜು ಸಿಗುತ್ತದೆ. ಇನ್ನೂ ಒಂದು ತೊಡಕಿದೆ. ಇಕ್ಕಟ್ಟಿನಲ್ಲಿ ಗಾಳಿಯ ವೇಗ ಏರುತ್ತದೆ, ವೇಗ ಏರಿದಲ್ಲಿ ಒತ್ತಡ ಇಳಿಯುತ್ತದೆ. ಸೊರಗಿದ ಪಕ್ಕದ ಗೋಡೆ ಆಗ ಒಳಕ್ಕೆ ಸೆಳೆಯಲ್ಪಟ್ಟು ದಾರಿಯನ್ನೇ ಮುಚ್ಚುತ್ತದೆ. ಜೋರಾಗಿ ಉಸಿರೆಳೆದಷ್ಟೂ ಮೂಗು ಕಟ್ಟುತ್ತದೆ ಎಂದು ಕೆಲವರು ಹೇಳುವುದು ಭ್ರಮೆಯಲ್ಲ.

ಇದಕ್ಕೆ ಪರಿಹಾರ ತೋರಿಸಿದವರು ಲಾಸ್ ಏಂಜಲೀಸಿನ ಜ್ಯಾಕ್ ಶೀನ್. ಬೆಂಕಿಕಡ್ಡಿಯಂಥ ಎರಡು ಮೃದ್ವಸ್ಥಿ ಪಟ್ಟಿಗಳನ್ನು ಗೋಡೆಯ ಇಬ್ಬದಿಗೆ, ಮಾಡಿನ ಅಡಿಯಲ್ಲಿ ಬೆಣೆಯಂತೆ ಸೇರಿಸುವ ವಿಧಾನವನ್ನು ಅವರು 1984ರಲ್ಲಿ ಪ್ರಕಟಿಸಿದರು. ಬಾಗಿಲ ಸಂದು ಬಿಗಿಯಾದರೆ ಬಡಗಿ ಚಕ್ಕೆ ಕೊಡುವ ಹಾಗೆ. ಹಿಂದೆ ಚಿಕಿತ್ಸೆಯಾಗಿ ಕುಸಿದ ಮೂಗುಗಳಿಗೆಂದು ಹುಟ್ಟಿದ ಈ ಉಪಾಯವನ್ನು ಇಂದು ಮೊದಲ ಚಿಕಿತ್ಸೆಯಲ್ಲೇ, ಮುಂದೆ ಕುಸಿಯದಿರಲೆಂದು ಬಳಸುವವರಿದ್ದಾರೆ.

ಮತ್ತೊಂದು ಸಾಮಾನ್ಯ ತಕರಾರಿಗೆ ಇಂಗ್ಲಿಷಿನವರು ಗಿಣಿಕೊಕ್ಕು ಎಂದು ಹೆಸರಿಟ್ಟಿದ್ದಾರೆ. ನಮ್ಮಲ್ಲಿ ಗಿಣಿಮೂಗು ಎಂದರೆ ಹೊಗಳಿಕೆ! ಅವರ ಗಿಣಿಕೊಕ್ಕು ಬೇರೆ: ಮೂಗಿನ ತುದಿಗಿಂತ ತುಸು ಮೇಲೆ ಉಬ್ಬೊಂದು ಎದ್ದು, ತುದಿ ಕೆಳಕ್ಕೆ ಬಾಗಿದಂತೆ ತೋರುತ್ತದೆ. ಸ್ವಾರಸ್ಯವೆಂದರೆ ಇದಕ್ಕೆ ಎರಡು ವಿರುದ್ಧ ಕಾರಣಗಳಿವೆ. ಅಲ್ಲಿನ ಮೃದ್ವಸ್ಥಿಯನ್ನು ಸಾಕಷ್ಟು ತೆಗೆಯದಿದ್ದರೂ ಉಬ್ಬುತ್ತದೆ. ಅತಿಯಾಗಿ ತೆಗೆದರೂ, ದಪ್ಪ ಚರ್ಮ ಕೆಳಗೆ ಉಳಿದ ಪೊಳ್ಳಿಗೆ ಅಂಟಿಕೊಳ್ಳಲಾರದೆ, ಅಲ್ಲಿ ಗಾಯದ ಅಂಗಾಂಶ ತುಂಬಿಕೊಂಡು ಉಬ್ಬುತ್ತದೆ. ಬೆರಳಿನಿಂದ ಒತ್ತಿ ನೋಡಿದರೆ ಗಟ್ಟಿಯೋ ಮೆತ್ತಗೋ ಎಂದು ಸುಳಿವು ಸಿಗುತ್ತದೆ. ಎರಡನೆಯ ಬಗೆಗೆ ಕೆಲವೊಮ್ಮೆ ಸ್ಟೆರಾಯ್ಡ್ ಚುಚ್ಚುಮದ್ದೇ ಸಾಕು. ಅದನ್ನು ಅರಿಯದೆ ಇನ್ನಷ್ಟು ಕೆತ್ತಿದರೆ ಉಬ್ಬು ಇನ್ನಷ್ಟು ಬೆಳೆಯುತ್ತದೆ.

ಈ ಗಾಯದ ಅಂಗಾಂಶವೇ ಮರುಚಿಕಿತ್ಸೆಯ ನಿಜವಾದ ಎದುರಾಳಿ. ಮೊದಲ ಸಲ ಮೂಗು ತೆರೆದಾಗ ಚರ್ಮ ಮತ್ತು ಮೃದ್ವಸ್ಥಿಯ ನಡುವೆ ಹಲಸಿನ ತೊಳೆ ಬಿಡಿಸಿದಷ್ಟು ಸಲೀಸಾದ ಪದರವಿರುತ್ತದೆ. ಎರಡನೆಯ ಸಲ ಎಲ್ಲವೂ ಒಂದಕ್ಕೊಂದು ಅಂಟಿ ತೊಗಲಾಗಿರುತ್ತದೆ. ಎಲ್ಲಿ ಚರ್ಮ ಮುಗಿದು ಎಲ್ಲಿ ಮೃದ್ವಸ್ಥಿ ಶುರುವಾಗುತ್ತದೆಂದು ಮಿಲಿಮೀಟರ್ ಮಿಲಿಮೀಟರಾಗಿ ಹುಡುಕಬೇಕು. ಆದ್ದರಿಂದಲೇ ಕನಿಷ್ಠ ಒಂದು ವರ್ಷ ಕಾಯಿರಿ ಎನ್ನುವುದು. ಊತ ಮೊದಲ ತಿಂಗಳುಗಳಲ್ಲಿ ಬೇಗ ಇಳಿದರೂ, ಮೂಗಿನ ತುದಿಯಲ್ಲಿ ಒಂದೂವರೆ ವರ್ಷದವರೆಗೂ ಉಳಿಯಬಹುದು. ಮೂರನೆಯ ತಿಂಗಳು ಕನ್ನಡಿ ನೋಡಿ ಕಣ್ಣೀರಿಟ್ಟವರಲ್ಲಿ ಕೆಲವರಿಗೆ ಹದಿನಾಲ್ಕನೆಯ ತಿಂಗಳಿಗೆ ಮರುಚಿಕಿತ್ಸೆಯೇ ಬೇಡವಾಗುವುದುಂಟು.

ಚರ್ಮದ ಬಗ್ಗೆ ಇಷ್ಟು ಎಚ್ಚರವೇಕೆಂದರೆ ಅದು ರಕ್ತವಿಲ್ಲದೆ ಬದುಕದು. ಇದು ನಮ್ಮ ನೆಲದವರಿಗೆ ಹಿಂದಿನಿಂದಲೂ ಗೊತ್ತಿತ್ತು. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತುಗಾಡಿ ಹೊಡೆಯುತ್ತಿದ್ದ ಕವಾಸ್ಜಿ ಎಂಬಾತ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷದ ನಂತರ ಪುಣೆಯ ಬಳಿ, ಇಟ್ಟಿಗೆ ಮಾಡುವ ಜಾತಿಗೆ ಸೇರಿದ ಒಬ್ಬಾತ ಅವನಿಗೆ ಹೊಸ ಮೂಗು ಕಟ್ಟಿದ. ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಗೆರೆ ಎಳೆದು, ಅಷ್ಟು ಚರ್ಮವನ್ನು ಕೊಯ್ದು ಕೆಳಕ್ಕೆ ತಿರುಗಿಸಿ ಕೂರಿಸಿದ. ಹುಬ್ಬುಗಳ ನಡುವೆ ಒಂದು ಎಳೆ ಚರ್ಮವನ್ನು ಮಾತ್ರ ಕತ್ತರಿಸದೆ ಬಿಟ್ಟ, ರಕ್ತ ಹರಿಯಲೆಂದು. ಅದನ್ನು ಬೇರ್ಪಡಿಸಿದ್ದು ಇಪ್ಪತ್ತೈದನೆಯ ದಿನದ ಸುಮಾರಿಗೆ. ಈ ಸಂಗತಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಚಿತ್ರದ ಸಮೇತ ಅಚ್ಚಾಯಿತು. ಜೋಸೆಫ್ ಕಾರ್ಪ್ಯೂ ಅದೇ ವಿಧಾನವನ್ನು ಹೆಣಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಲಂಡನ್ನಿನಲ್ಲಿ ಜೀವಂತ ರೋಗಿಯ ಮೇಲೆ ಪ್ರಯೋಗಿಸಿದರು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮ ಗಾದೆ ಕೇಳುತ್ತದೆ. ಹಣೆಯಿಂದ ಬಂದದ್ದಂತೂ ದಾಖಲೆಯಲ್ಲಿದೆ.

ಮೃದ್ವಸ್ಥಿಯ ಸ್ವಭಾವ ಚರ್ಮಕ್ಕೆ ತದ್ವಿರುದ್ಧ. ಅದರೊಳಗೆ ರಕ್ತನಾಳಗಳೇ ಇಲ್ಲ. ಸುತ್ತಲಿನ ದ್ರವದಿಂದ ಜಿನುಗಿ ಬಂದ ಆಹಾರದಲ್ಲೇ ಅದರ ಜೀವಕೋಶಗಳು ಬದುಕುತ್ತವೆ. ಹಾಗಾಗಿ ಎದೆಯಿಂದ ಕಿತ್ತು ಮೂಗಿನಲ್ಲಿ ನೆಟ್ಟರೂ ಉಳಿಯುತ್ತದೆ, ಮೇಲಿನ ಚರ್ಮ ಆರೋಗ್ಯವಾಗಿದ್ದರೆ. ಎರಡು ಸಲ ಕೊಯ್ಯಿಸಿಕೊಂಡು ತೆಳುವಾದ ಚರ್ಮಕ್ಕೆ ಸಿಗರೇಟಿನ ನಿಕೊಟಿನ್ ಕೂಡಿತೆಂದರೆ ರಕ್ತನಾಳಗಳು ಇನ್ನೂ ಸೊರಗುತ್ತವೆ. ಧೂಮಪಾನ ಬಿಡದಿದ್ದರೆ ಕತ್ತಿ ಮುಟ್ಟುವುದಿಲ್ಲ ಎನ್ನುವ ವೈದ್ಯರು ಹಟಮಾರಿಗಳಲ್ಲ. ಸಿಲಿಕೋನ್ ತುಂಡು ಇಡುವುದು ಸುಲಭ, ಎದೆ ಕೊಯ್ಯಬೇಕಿಲ್ಲ. ಆದರೆ ಸೋಂಕು ತಗಲಿದರೆ ಅದಕ್ಕೆ ಹೋರಾಡುವ ಜೀವವಿಲ್ಲ, ಕೆಲವೊಮ್ಮೆ ಚರ್ಮ ತೂರಿ ಹೊರಬರುತ್ತದೆ. ಸೊರಗಿದ ಮೂಗಿನಲ್ಲಿ ಈ ಭಯ ಹೆಚ್ಚು.

ಪಕ್ಕೆಲುಬಿನ ಪಟ್ಟಿ ಬಾಗುವ ಗುಟ್ಟನ್ನು ಗ್ಲಾಸ್ಗೋದ ಥಾಮಸ್ ಗಿಬ್ಸನ್ ಮತ್ತು ಡೇವಿಸ್ 1958ರಲ್ಲಿ ಬಿಡಿಸಿದರು. ಮೃದ್ವಸ್ಥಿಯ ಹೊರಪದರ ಸದಾ ಎಳೆತದಲ್ಲಿರುತ್ತದೆ, ಸುತ್ತಲೂ ಸಮನಾಗಿ ಎಳೆಯುವುದರಿಂದ ನೇರವಾಗಿರುತ್ತದೆ. ಒಂದು ಬದಿ ಕೆತ್ತಿದರೆ ಇನ್ನೊಂದು ಬದಿಯ ಎಳೆತ ಗೆಲ್ಲುತ್ತದೆ. ಹಸಿ ಹಲಗೆಯನ್ನು ಒಂದೇ ಮಗ್ಗುಲಿಗೆ ಒಣಗಿಸಿದರೆ ಸೊಟ್ಟಗಾಗುವುದು ಯಾವ ಬಡಗಿಗೆ ಗೊತ್ತಿಲ್ಲ? ಆದ್ದರಿಂದ ತಿರುಳಿನ ಭಾಗವನ್ನು, ಎಲ್ಲ ಬದಿಗೂ ಸಮನಾಗಿ ಕೆತ್ತಿ ಬಳಸಬೇಕು. ಬಾಗುವ ಗೋಜೇ ಬೇಡವೆಂದು ಇಸ್ತಾಂಬುಲಿನ ಒನೂರ್ ಎರೋಲ್ 2000ದಲ್ಲಿ ಬೇರೆ ಹಾದಿ ತೋರಿಸಿದರು: ಮೃದ್ವಸ್ಥಿಯನ್ನು ಮಿಲಿಮೀಟರಿಗಿಂತ ಸಣ್ಣಗೆ ಹೆಚ್ಚಿ, ರಕ್ತಸ್ರಾವ ತಡೆಯುವ ಜಾಲರಿ ಬಟ್ಟೆಯಲ್ಲಿ ಸುತ್ತಿ ಮೂಗಿನ ಬೆನ್ನಿಗೆ ಇಡುವುದು. ತಮ್ಮ ಊರಿನ ಸಿಹಿತಿಂಡಿಯ ಹೆಸರನ್ನೇ ಅದಕ್ಕೆ ಇಟ್ಟರು, ಟರ್ಕಿಷ್ ಡಿಲೈಟ್. ನಾಲ್ಕು ವರ್ಷದ ನಂತರ ಕ್ಯಾಲಿಫೋರ್ನಿಯಾದ ರಾಲಿನ್ ಡೇನಿಯಲ್ ಮತ್ತು ಕ್ಯಾಲ್ವರ್ಟ್, ಬಟ್ಟೆ ಸುತ್ತಿದ ತುಣುಕುಗಳು ತಮ್ಮ ರೋಗಿಗಳಲ್ಲಿ ಕರಗಿಹೋದವೆಂದು ವರದಿ ಮಾಡಿ, ಬಟ್ಟೆಯ ಬದಲು ರೋಗಿಯ ಕಪಾಲದ ಪಕ್ಕದ ಸ್ನಾಯುವಿನ ತೆಳುಪೊರೆಯನ್ನೇ ಚೀಲವಾಗಿ ಬಳಸತೊಡಗಿದರು.

ಇಷ್ಟೆಲ್ಲ ಕುಶಲತೆಯಿದ್ದೂ ಮೇಜು ಹತ್ತಿಸಬಾರದ ಕೆಲವರಿರುತ್ತಾರೆ. ಮೂವತ್ತು ಸೆಂಟಿಮೀಟರ್ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು, ಐದು ಅಡಿ ದೂರದ ಫೋಟೊಕ್ಕಿಂತ ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆಂದು 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ತೋರಿಸಿದರು. ಮೊಬೈಲಿನ ಮೂಗನ್ನು ಸರಿಪಡಿಸಲು ಯಾವ ಪಕ್ಕೆಲುಬೂ ಸಾಲದು. ಇನ್ನು ಕೆಲವರಲ್ಲಿ ಬೇರೆಯವರ ಕಣ್ಣಿಗೆ ಬೀಳದ ಕೊರತೆಯೊಂದು ದಿನವಿಡೀ ತಲೆಯೊಳಗೆ ಕೊರೆಯುತ್ತಿರುತ್ತದೆ. ಅದು ಮನೋವೈದ್ಯರು ಗುರುತಿಸಿದ ಕಾಯಿಲೆ, ಮೂಗು ತಿದ್ದಿದರೆ ವಾಸಿಯಾಗುವಂಥದ್ದಲ್ಲ. ಮೂರನೆಯ, ನಾಲ್ಕನೆಯ ಚಿಕಿತ್ಸೆಗೆ ಬಂದವರೆದುರು ಒಳ್ಳೆಯ ವೈದ್ಯರು ಆಡುವ ಅತಿ ಕಷ್ಟದ ಮಾತು ಬೇಡ ಎಂಬುದು.

ಬೇಕೆಂದಾದರೆ ಹಳೆಯ ಶಸ್ತ್ರಚಿಕಿತ್ಸೆಯ ಟಿಪ್ಪಣಿ ಕೇಳುತ್ತಾರೆ. ಅದು ಸಿಕ್ಕರೆ ಪುಣ್ಯ. ಸಿಗದಿದ್ದರೆ ಹೊಳ್ಳೆಗಳ ನಡುವಿನ ಕಂಬದಲ್ಲಿ ನಾಲ್ಕೈದು ಮಿಲಿಮೀಟರಿನ ಗೀರು ಹಾಕಿ, ಕಾರಿನ ಬಾನೆಟ್ಟಿನಂತೆ ಚರ್ಮವನ್ನು ಮೇಲೆತ್ತಿದ ಮೇಲಷ್ಟೇ ಒಳಗೆ ಏನು ಉಳಿದಿದೆ, ಏನಿಲ್ಲ ಎಂದು ತಿಳಿಯುವುದು. ಈ ಗೀರಿನ ಮೂಲ ಬುಡಾಪೆಸ್ಟಿನ ಆರೆಲ್ ರೆಥಿ ಅವರದು. ಬಹುಕಾಲ ಮೂಲೆಗುಂಪಾಗಿದ್ದು, 1970ರ ದಶಕದಲ್ಲಿ ಟೊರಾಂಟೊದ ವಿಲ್ಫ್ರೆಡ್ ಗುಡ್‌ಮನ್ ಅವರಿಂದ ಮತ್ತೆ ಬಳಕೆಗೆ ಬಂತು.

ಮನೆಗೆ ಬಂದ ಮೇಲೆ ಮೂಗಿಗಿಂತ ಎದೆಯ ನೋವೇ ಕೆಲವು ದಿನ ಹೆಚ್ಚು, ಅದರಲ್ಲೂ ಕೆಮ್ಮಿದಾಗ. ಕನ್ನಡಕದವರಿಗೆ ಇನ್ನೊಂದು ಪೇಚು. ಹೊಸ ಬೆನ್ನಿನ ಮೇಲೆ ಕೆಲವು ವಾರ ಭಾರ ಬೀಳಬಾರದು. ಹಾಗಾಗಿ ಕನ್ನಡಕದ ಸೇತುವೆಗೆ ಒಂದು ತುಂಡು ಟೇಪು ಸುತ್ತಿ, ಅದರ ಇನ್ನೊಂದು ತುದಿಯನ್ನು ಹಣೆಗೆ ಅಂಟಿಸಿಕೊಂಡು, ಕನ್ನಡಕವನ್ನು ಮೂಗಿಗೆ ತಾಗದಂತೆ ತೂಗುಬಿಟ್ಟುಕೊಂಡು ಪತ್ರಿಕೆ ಓದುತ್ತಾರೆ.